ಡಾಂಬರು ಬಳಿದ ದೀಪ

“ದೀಪ ಬೇಕಾದ್ರೆ ಬಿಚ್ಕೊಂಡು ಹೋಗಪ್ಪಾ, ಬೇಡ ಅನ್ನಲ್ಲ. ಗಾಜಿನ ಮೇಲಿರೋ ಡಾಂಬರು ಮಾತ್ರ ಕೆರೀಬೇಡ.”

ಏಣಿಯ ತುದಿಯಲ್ಲಿ ನಿಂತಿದ್ದವನು ಬಗ್ಗಿ ನೋಡಿದ. ಎದುರಿಗಿದ್ದ ಹೊಲಿಗೆ ಅಂಗಡಿಯ ಅಜ್ಜಿ ಹೊಸ್ತಿಲಿಗೆ ಬಂದು ನಿಂತಿದ್ದಳು. ಕೊರಳಲ್ಲಿ ಅಳತೆಯ ಟೇಪು, ಎದೆಯ ಮೇಲೆ ಸಾಲಾಗಿ ಚುಚ್ಚಿಕೊಂಡ ಗುಂಡುಸೂಜಿಗಳು. ಎಡಗೈ ಬಾಗಿಲ ಚೌಕಟ್ಟನ್ನು ಹಿಡಿದಿತ್ತು. ಬಲಗೈ ಇರಲಿಲ್ಲ. ತೋಳಿನ ಬಟ್ಟೆ ಮುಗಿದಲ್ಲಿಗೆ ಕೈಯೂ ಮುಗಿದಿತ್ತು. ಒಂದೇ ಕೈಯಲ್ಲಿ ಹೊಲಿಗೆ ಮೆಷಿನ್ ನಡೆಸುವ ಮುದುಕಿಯ ಛಲವನ್ನು ಅವನು ಏಣಿ ಹತ್ತುವ ಮುಂಚೆಯೇ ಮೆಚ್ಚಿಕೊಂಡಾಗಿತ್ತು.

“ಯಾಕಜ್ಜಿ, ಕೆರೆದ್ರೆ ದೆವ್ವ ಬರುತ್ತಾ?”

“ದೆವ್ವ ಬಂದಿದ್ರೆ ಪರವಾಗಿರ್ಲಿಲ್ಲ. ಅದಕ್ಕೆ ಮಾಟ ಮಾಡಿದಾರೆ.”

“ಮಾಡ್ಲಿ ಬಿಡಿ. ನಮ್ಮನೇಲಿ ನನ್ನ ಹೆಂಡ್ತಿ ಇದಾಳೆ. ಅವಳ ಮುಂದೆ ಯಾವ ಮಾಟ ನಿಲ್ಲುತ್ತೆ?”

ಅಜ್ಜಿ ನಗಲಿಲ್ಲ. ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಯಾರಿಗೋ ಕೇಳಿಸಬಾರದೆಂಬಂತೆ ಕಣ್ಣಾಡಿಸಿ ಒಳಗೆ ಹೋದಳು. ಬೀದಿಯಲ್ಲಿ ಕೇಳಿಸಿಕೊಳ್ಳುವುದಕ್ಕೆ ಒಂದು ನಾಯಿಯೂ ಇರಲಿಲ್ಲ. ಎರಡೂ ಕಡೆ ಮುಚ್ಚಿದ ಬಾಗಿಲು, ಬರಿದಾದ ಜಗಲಿ, ತುಕ್ಕು ಹಿಡಿದ ಕಿಟಕಿ ಸರಳು. ಆದರೂ ಆ ಬರಿದಾದ ಬೀದಿಯಲ್ಲಿ ಜನ ಒತ್ತೊತ್ತಾಗಿ ಕೂತ ಕೋಣೆಯ ವಾಸನೆಯಿತ್ತು. ಬೆವರು, ಹೊಗೆಸೊಪ್ಪು, ಒಗೆಯದ ಬಟ್ಟೆ. ಎಲ್ಲೋ ಯಾರೋ ಕೆಮ್ಮಿದರು. ಮನೆಯೊಳಗೆ ಇರಬೇಕು ಎಂದುಕೊಂಡು ಅವನು ಸ್ಪಾನರ್ ತಿರುಗಿಸಿದ.

ಈತನ ಕೆಲಸ ಲಿಫ್ಟ್ ರಿಪೇರಿ. ಹುಚ್ಚು ಮಾತ್ರ ಹಳೇ ಬೀದಿದೀಪದ್ದು. ನಡೆಯುವಾಗಲೂ ಕತ್ತೆತ್ತಿ ಕಂಬಗಳನ್ನೇ ನೋಡುತ್ತಾ ಎಷ್ಟೋ ಸಲ ಚರಂಡಿಗೆ ಕಾಲು ಹಾಕಿದವನಾದ್ದರಿಂದ ಜೊತೆಯವರು ಅವನನ್ನು ಕಂಬರಾಯ ಎಂದು ಕರೆಯುತ್ತಿದ್ದರು. ಅವನಿಗೂ ಅದರಿಂದ ಬೇಸರವಿರಲಿಲ್ಲ. ವರ್ಗವಾಗಿ ಈ ಊರಿಗೆ ಬಂದಾಗ ಮನೆಸಾಮಾನು ಒಂದು ಗಾಡಿಯಲ್ಲಿ ಬಂದರೆ ದೀಪಗಳು ಎರಡು ಗಾಡಿಯಲ್ಲಿ ಬಂದವು. ಎನಾಮಲ್ ತಟ್ಟೆಯವು, ಹಂಡೆಯಂತೆ ಹೊಟ್ಟೆಯಿದ್ದವು, ಬಂದರಿನ ಕಟ್ಟೆಯಲ್ಲಿ ಉಪ್ಪು ತಿಂದು ತೂತಾದವು. ಅಂಚಿನ ತಿರುವು, ಮೊಳೆಯ ತಲೆ, ಗಾಜಿನ ಗೆರೆ ಇಷ್ಟು ನೋಡಿದರೆ ಸಾಕು, ಇದು ಯಾವ ಕಾರ್ಖಾನೆಯದು, ಯಾವ ಕಾಲದ್ದು ಎಂದು ಹೇಳಿಬಿಡುತ್ತಿದ್ದ. ಹೆಂಡತಿಯ ಹುಟ್ಟಿದ ದಿನ ಮಾತ್ರ ಪ್ರತಿ ವರ್ಷ ಮರೆಯುತ್ತಿದ್ದ.

ಊರಿನಲ್ಲಿ ಹಳೇ ದೀಪ ಇಳಿಸಿ ಹೊಸ ಬಿಳಿ ದೀಪ ಹಾಕುತ್ತಿದ್ದರು. ಈ ಬೀದಿಯಲ್ಲೂ ಎಲ್ಲ ಇಳಿಸಿಯಾಗಿತ್ತು, ಡಾಂಬರು ಬಳಿದ ಇದೊಂದನ್ನು ಬಿಟ್ಟು. ಲೈನ್‌ಮನ್‌ಗಳನ್ನು ಕೇಳಿದರೆ ಅವರು ಮುಖ ಮುಖ ನೋಡಿಕೊಂಡು, “ನಿಮಗೆ ಬೇಕಿದ್ರೆ ನೀವೇ ಹತ್ತಿ ಸಾರ್” ಎಂದಿದ್ದರು. ಕಂಬರಾಯನಿಗೆ ಅದು ಹಬ್ಬದೂಟಕ್ಕೆ ಕರೆದ ಹಾಗಾಯಿತು.

ಆ ಭಾನುವಾರ ಹಿತ್ತಿಲೆಲ್ಲ ಸೀಮೆಎಣ್ಣೆ ನಾತ. ಡಾಂಬರನ್ನು ನೆನೆಸಿ, ಮರದ ಪಟ್ಟಿಯಿಂದ ಎಬ್ಬಿಸಿ, ಸೋಡಾ ಹಾಕಿದ ಬಿಸಿನೀರಿನಲ್ಲಿ ಗಾಜಿನ ಬೋಗುಣಿಯನ್ನು ಮುಳುಗಿಸಿ ಉಜ್ಜಿದ. ಗಾಜಿನ ಗೆರೆ ಕಾಣದೆ ದೀಪದ ಕುಲಗೋತ್ರ ಹೇಳುವುದು ಹೇಗೆ? ಹುಚ್ಚಿದ್ದವನಿಗೆ ಅಜ್ಜಿಯ ಮಾತು ಕಿವಿಯಲ್ಲಿ ನಿಲ್ಲುವುದುಂಟೆ?

ಬೋಗುಣಿಯ ತಳದಲ್ಲಿ ಸತ್ತ ಹುಳುಗಳು ಗಟ್ಟಿಯಾಗಿ ಕೂತಿದ್ದವು. ಎಲ್ಲ ಬೀದಿದೀಪದಲ್ಲೂ ಇರುವಂಥದೇ. ಆದರೆ ಅವುಗಳ ಅಡಿಯಲ್ಲಿ ಒಂದು ಉಂಡೆ ಸಿಕ್ಕಿತು. ಹೆಂಗಸಿನ ಉದ್ದ ಕೂದಲನ್ನು ಸುತ್ತಿ ಸುತ್ತಿ, ಮೇಣದಲ್ಲಿ ಅದ್ದಿ, ಸುತ್ತಲೂ ಸೂಜಿ ಚುಚ್ಚಿದ ಉಂಡೆ. ಮೇಣ ಕಪ್ಪಾಗಿತ್ತು. ಆದರೆ ಬೆಚ್ಚಗಿತ್ತು. ಬಿಸಿಲಿಗೆ ಇರಬೇಕು ಅಂದುಕೊಂಡ. ಹಿತ್ತಿಲಿಗೆ ಅವತ್ತು ಬಿಸಿಲೇ ಬಿದ್ದಿರಲಿಲ್ಲ.

“ಅಪ್ಪಾ, ಅದೇನು?” ಮಗಳು ಇಣುಕಿದಳು. ಎರಡನೇ ಕ್ಲಾಸಿನ ಹುಡುಗಿ, ಅಪ್ಪನ ದೀಪಗಳಿಗೆಲ್ಲ ಹೆಸರಿಟ್ಟವಳು.

“ಯಾರೋ ತಲೆ ಬಾಚಿ ಇಲ್ಲಿ ಎಸೆದಿದಾರೆ ಮರಿ. ಮುಟ್ಬೇಡ, ಸೂಜಿ ಇದೆ.”

ಉಂಡೆಯನ್ನು ಚರಂಡಿಗೆ ಎಸೆದ. ಅದು ನೀರಿನಲ್ಲಿ ತೇಲದೆ ಕಲ್ಲಿನಂತೆ ಮುಳುಗಿತು.

ಗಾಜು ತೊಳೆದು ಎತ್ತಿ ಹಿಡಿದಾಗ ಕಂಬರಾಯನ ಎದೆ ಹಿಗ್ಗಿತು. ಒಳಗೆ ಉದ್ದ ಗೆರೆ, ಹೊರಗೆ ಅಡ್ಡ ಗೆರೆ, ಎರಡು ಗಾಜನ್ನು ಒಂದರೊಳಗೊಂದು ಕೂಡಿಸಿ ಬೆಸೆದ ಕೆಲಸ. ಅಂಚಿನಲ್ಲಿ ಉಗುರಿಗೆ ತಾಗುವಷ್ಟು ಸಣ್ಣ ಗಂಟೆಯ ಗುರುತು. ಇಂಥದ್ದರ ಚಿತ್ರವನ್ನಷ್ಟೇ ನೋಡಿದ್ದ. ಆದರೂ ಖಾತ್ರಿಯಾಗಬೇಕಾದರೆ ಈ ಹುಚ್ಚಿನವರದೇ ಒಂದು ಕ್ರಮವಿದೆ. ದೀಪವನ್ನು ಅದರ ಎತ್ತರಕ್ಕೆ ತೂಗುಹಾಕಿ, ಮುಸ್ಸಂಜೆಯಲ್ಲಿ ಉರಿಸಿ, ನೆಲದ ಮೇಲೆ ಬೆಳಕು ಯಾವ ಆಕಾರದಲ್ಲಿ ಬೀಳುತ್ತದೆಂದು ಅದರ ನಡುವೆ ನಿಂತು ನೋಡಬೇಕು. ಒಂದೊಂದು ಕಾರ್ಖಾನೆಯ ಗಾಜೂ ನೆಲದ ಮೇಲೆ ಬೇರೆ ಬೇರೆ ಆಕಾರ ಬರೆಯುತ್ತದೆ. ಅದನ್ನು ನೋಡದೆ ಯಾವ ಸಂಗ್ರಹಕಾರನೂ ದೀಪಕ್ಕೆ ಹೆಸರು ಕೊಡುವುದಿಲ್ಲ.

ಗೇಟಿನ ಕಂಬಕ್ಕೆ ಕಬ್ಬಿಣದ ತೋಳು ಕೂಡಿಸಿ ದೀಪ ತೂಗುಹಾಕಿದ. ಬೆಳಕು ಕುಗ್ಗುವ ಹೊತ್ತಿಗೆ ಸ್ವಿಚ್ ಒತ್ತಿದ. ದೀಪ ಗುಂಯ್‌ಗುಟ್ಟಿತು. ಕೂದಲು ಸುಟ್ಟ ವಾಸನೆ ಬಂತು. ಆಮೇಲೆ ಅಂಗಳದ ಮೇಲೆ ಹಳದಿ ಬೆಳಕು ಎರಡು ರೆಕ್ಕೆಗಳಾಗಿ ನಿಧಾನಕ್ಕೆ ಬಿಚ್ಚಿಕೊಂಡಿತು.

“ಚಿಟ್ಟೆ! ಅಪ್ಪಾ, ಚಿಟ್ಟೆ!” ಮಗಳು ಓಡಿ ಬಂದು ರೆಕ್ಕೆಯ ಮೇಲೆ ಕುಣಿದಳು.

“ನೋಡೇ, ಬಾ ಇಲ್ಲಿ!” ಎಂದು ಹೆಂಡತಿಯನ್ನು ಕರೆದ.

“ನಾನು ಬರಲ್ಲರೀ. ಆ ಬೆಳಕು ನನಗೆ ಹಿಡಿಸ್ತಿಲ್ಲ. ಇಲ್ಲಿಂದಲೇ ಫೋಟೋ ತೆಗೀತೀನಿ, ನಿಂತ್ಕೊಳ್ಳಿ.” ಅವಳು ಮೆಟ್ಟಿಲ ಮೇಲೆ, ಬೆಳಕು ಮುಗಿಯುವಲ್ಲಿಂದ ಆಚೆಗೆ ನಿಂತು ಮೊಬೈಲ್ ಎತ್ತಿದಳು.

ಫೋಟೋವನ್ನು ಅವನು ದೀಪದ ಹುಚ್ಚಿನವರ ಗುಂಪಿಗೆ ಕಳಿಸಿದ. ಪಿಂಗಾಣಿ ಹೋಲ್ಡರ್‌ಗಳ ಬಗ್ಗೆ ಎಲ್ಲರಿಗಿಂತ ಚೆನ್ನಾಗಿ ಬಲ್ಲ, ಅದಕ್ಕೇ ಎಲ್ಲರೂ ಪಿಂಗಾಣಿ ಅಕ್ಕ ಎನ್ನುವ ಹೆಂಗಸು ಮೊದಲು ಉತ್ತರಿಸಿದಳು. “ಅಬ್ಬಾ, ಎಂಥಾ ಮಾಲು! ಅಳತೆ ಗೊತ್ತಾಗೋ ಹಾಗೆ ಪಕ್ಕದಲ್ಲಿ ಒಬ್ಬರನ್ನ ನಿಲ್ಲಿಸಬಾರದಿತ್ತಾ?”

“ನಾನೇ ನಿಂತಿದೀನಲ್ಲ ಅಕ್ಕಾ, ಮಗಳ ಜೊತೆ.”

“ಎಲ್ಲಿ? ಬರೀ ಅಂಗಳ ಇದೆ.”

ಗುಂಪಿನಲ್ಲಿ ಉಳಿದವರೂ ಅದನ್ನೇ ಹೇಳಿದರು. ತಮಾಷೆ ಮಾಡುತ್ತಿದ್ದಾರೆ ಎಂದು ಅವನು ಹೆಂಡತಿಗೆ ಫೋಟೋ ತೋರಿಸಿದ. “ಇದೀರಲ್ಲ, ಹೊಟ್ಟೆ ಸಮೇತ” ಎಂದಳು ಅವಳು. ಇಬ್ಬರೂ ನಕ್ಕರು. ಆದರೆ ಮಲಗಿದಾಗ ಕಂಬರಾಯನಿಗೆ ನಿದ್ದೆ ಹತ್ತಲಿಲ್ಲ. ಎದ್ದು ಎದ್ದು ಫೋಟೋ ನೋಡಿದ. ತಾನು ಅದರಲ್ಲಿ ಇದ್ದೇ ಇದ್ದ.

ಮಾರನೇ ದಿನ ಬಸ್ಸು ನಿಲ್ಲಲಿಲ್ಲ. ಕೈ ಅಡ್ಡ ಹಿಡಿದರೂ ಡ್ರೈವರ್ ಅಲ್ಲಿ ಯಾರೂ ಇಲ್ಲವೆಂಬಂತೆ ಮುಂದೆ ಹೋದ. ಹೋಟೆಲಿನಲ್ಲಿ ಕಾಫಿ ಕೇಳಿ ಕೇಳಿ ಸಾಕಾಯಿತು. ಕ್ಷೌರದಂಗಡಿಯಲ್ಲಿ ಅವನು ಕೂತಿದ್ದ ಕುರ್ಚಿಗೆ ಇನ್ನೊಬ್ಬನನ್ನು ಕೂರಿಸಲು ಬಂದರು. ಊರು ಹೊಸದು, ಜನ ಒರಟು ಎಂದು ಬೈದುಕೊಂಡ. ಮನುಷ್ಯ ತನಗೆ ಬೇಕಾದ ಕಾರಣವನ್ನು ಎಲ್ಲಿಂದಲಾದರೂ ಹುಡುಕಿಕೊಳ್ಳುತ್ತಾನೆ ನೋಡಿ!

ಆದರೆ ಲಿಫ್ಟಿನ ಗುಂಡಿಯಲ್ಲಿ ನಡೆದದ್ದಕ್ಕೆ ಕಾರಣ ಸಿಗಲಿಲ್ಲ.

ಆಸ್ಪತ್ರೆಯೊಂದರ ಲಿಫ್ಟ್. ಅದರ ತಳದ ಗುಂಡಿಗಿಳಿದು ಸ್ಪ್ರಿಂಗ್ ಬಿಗಿ ಮಾಡುತ್ತಿದ್ದ. ಗ್ರೀಸಿನ ವಾಸನೆ, ಮಂಡಿಯವರೆಗೆ ಕತ್ತಲೆ. ವರ್ಷಗಟ್ಟಲೆ ಜೊತೆಗೆ ಕೆಲಸ ಮಾಡಿ, ಅವನ ಜೊತೆಗೇ ಈ ಊರಿಗೆ ವರ್ಗವಾಗಿ ಬಂದಿದ್ದ ಜೊತೆಗಾರ ಮೇಲಿಂದ ಟಾರ್ಚ್ ಬಿಟ್ಟ. ಬೆಳಕು ನೇರ ಕಂಬರಾಯನ ಮುಖದ ಮೇಲೆ ಬಿತ್ತು.

“ಆಯ್ತು, ಇನ್ನೆರಡು ಬೋಲ್ಟ್” ಎಂದ ಕಂಬರಾಯ.

ಜೊತೆಗಾರ ಟಾರ್ಚನ್ನು ಅವನ ಮುಖದಿಂದ ಎದೆಗೆ, ಎದೆಯಿಂದ ಗೋಡೆಗೆ ಆಡಿಸಿದ. “ಯಾರೂ ಇಲ್ಲ. ಲಿಫ್ಟ್ ಬಿಡಿ” ಎಂದು ಹಿಂದಕ್ಕೆ ತಿರುಗಿ ಕೂಗಿದ.

ಮೇಲೆ ಮೋಟಾರ್ ಎಚ್ಚೆತ್ತಿತು. ಹಗ್ಗ ನಡುಗಿತು. ಕಂಬರಾಯ ಕಿರುಚಿದ. ಲಿಫ್ಟ್ ಇಳಿಯಿತು. ಮತ್ತೆ ಕಿರುಚಿದ. ಕೈಗೆ ಏನೂ ಸಿಗಲಿಲ್ಲ. ಏಣಿ ಜಾರಿತು. ಗೋಡೆಗೆ ಬೆನ್ನು ಹಚ್ಚಿದ. ಹೊಟ್ಟೆ ಎಳೆದುಕೊಂಡ. ಉಸಿರು ಹಿಡಿದ. ತಣ್ಣಗಿನ ಕಬ್ಬಿಣ ಮೂಗನ್ನು ಸವರಿಕೊಂಡು ಕೆಳಗಿಳಿದು, ಸ್ಪ್ರಿಂಗಿನ ಮೇಲೆ ಕೂತು ನಿಂತಿತು.

ಸಂದಿಯಿಂದ ತೆವಳಿ ಹೊರಬಂದಾಗ ಅಂಗಿ ಹರಿದು ಮೊಣಕೈಯಿಂದ ರಕ್ತ ಸುರಿಯುತ್ತಿತ್ತು. ಜೊತೆಗಾರ ಅಲ್ಲೇ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದ. ಕಂಬರಾಯ ಅವನ ಭುಜ ಹಿಡಿದು ಅಲುಗಾಡಿಸಿದ. ಜೊತೆಗಾರ ಸೊಳ್ಳೆ ಕಚ್ಚಿದವನಂತೆ ಭುಜ ಕೆರೆದುಕೊಂಡ, ಅಷ್ಟೆ.

ಅವನು ಮನೆಗೆ ಓಡಿದ. ಅಂಗಳದಲ್ಲಿ ಹೆಂಡತಿ ಮಗಳಿಗೆ ತಲೆ ಬಾಚುತ್ತಿದ್ದಳು. ಮಗಳು ಅಳುತ್ತಿದ್ದಳು. “ಅಪ್ಪಾ, ಹಾಜರಿ ಕರೆದಾಗ ನಾನು ಕಿರುಚಿ ಹೇಳ್ದೆ. ಮಿಸ್ಸು ಬಂದಿಲ್ಲ ಅಂತ ಬರ್ಕೊಂಡ್ರು. ಆಟ ಆಡುವಾಗ ನನ್ನ ಕೈ ತುಳ್ಕೊಂಡು ಹೋದ್ರಪ್ಪಾ, ಯಾರೂ ನೋಡ್ಲೇ ಇಲ್ಲ.”

ಅಜ್ಜಿ ಹೇಳಿದ್ದ ಮಾಟ ಕಂಬರಾಯನಿಗೆ ಈಗ ನೆನಪಾಯಿತು. ತನ್ನ ಪಾಡು ಏನಾದರಾಗಲಿ, ಈ ಮಗು? ಅವಳೂ ಆ ಬೆಳಕಿನಲ್ಲಿ ಕುಣಿದಿದ್ದಳು.

“ಲೇ, ಕೇಳಿಸ್ತಾ ಅವಳು ಹೇಳಿದ್ದು?” ಎಂದ ಹೆಂಡತಿಗೆ.

ಹೆಂಡತಿಯ ಕೈ ಬಾಚುತ್ತಾ ಬಾಚುತ್ತಾ ನಿಧಾನವಾಯಿತು. ಅರ್ಧ ಹೆಣೆದ ಜಡೆ ಬೆರಳಿಂದ ಜಾರಿತು. ಅವಳು ಕೈಯಲ್ಲಿದ್ದ ಬಾಚಣಿಗೆಯನ್ನು ನೋಡಿದಳು. ತಿರುಗಿಸಿ ನೋಡಿದಳು.

“ನಾನೇನು ಮಾಡ್ತಿದ್ದೆ?” ಎಂದು ತನ್ನಷ್ಟಕ್ಕೆ ತಾನೇ ಕೇಳಿಕೊಂಡು, ಎದ್ದು ಒಳಗೆ ಹೋದಳು. ತೊಡೆಯ ಮೇಲಿದ್ದ ಮಗು ನೆಲಕ್ಕೆ ಬಿತ್ತು. “ಅಮ್ಮಾ! ಅಮ್ಮಾ!” ಒಳಗೆ ಪಾತ್ರೆಯ ಸದ್ದು ಕೇಳಿಸಿತು. ಹೆಂಡತಿ ಒಬ್ಬಳಿಗಾಗುವಷ್ಟು ಅಕ್ಕಿ ತೊಳೆಯುತ್ತಿದ್ದಳು.

ಮಗಳನ್ನು ಎತ್ತಿಕೊಂಡು ಅವನು ಆ ಬೀದಿಗೆ ಓಡಿದ. ತಿರುವಿನಲ್ಲಿ ಅವನ ಕಾಲು ನೆಲಕ್ಕೆ ಅಂಟಿಕೊಂಡಿತು.

ಬೀದಿಯ ತುಂಬ ಜನರಿದ್ದರು.

ಪ್ರತಿ ಜಗಲಿಯ ಮೇಲೂ ಮುದುಕರು, ಮುದುಕಿಯರು. ಒತ್ತೊತ್ತಾಗಿ ಕೂತಿದ್ದರು. ಬೆಳೆದ ಗಡ್ಡ, ಮಾಸಿದ ಬಟ್ಟೆ, ಹೊಗೆಸೊಪ್ಪು ಅಗಿಯುವ ಬಾಯಿ. ಯಾರೂ ಯಾರ ಜೊತೆಯೂ ಮಾತಾಡುತ್ತಿರಲಿಲ್ಲ. ಅವನು ಮಗಳನ್ನು ಎದೆಗವಚಿಕೊಂಡು ನಡೆದಂತೆ ತಲೆಗಳೆಲ್ಲ ಅವನ ಜೊತೆ ತಿರುಗಿದವು. ದೀಪ ಉರಿಸಿದ ಮೇಲೆ ಅಪರಿಚಿತರು ಅವನನ್ನು ನೋಡಿದ್ದು ಇದೇ ಮೊದಲು. ಅದಕ್ಕೆ ಅವನಿಗೆ ಸಂತೋಷವಾಗಲಿಲ್ಲ. ಮಗಳ ಮುಖವನ್ನು ಭುಜಕ್ಕೆ ಒತ್ತಿಕೊಂಡ.

ಹೊಲಿಗೆ ಅಂಗಡಿಯಲ್ಲಿ ಅಜ್ಜಿ ಎರಡೂ ಕೈಯಿಂದ ಬಟ್ಟೆ ಮಡಿಸುತ್ತಿದ್ದಳು.

ಎರಡೂ ಕೈಯಿಂದ. ಬಲಗೈಯ ಮೇಲೆ ನರ ಉಬ್ಬಿದ್ದವು, ತೋರುಬೆರಳಿನ ತುದಿಗೆ ಹೊಲಿಗೆಯವರು ತೊಡುವ ಲೋಹದ ಟೋಪಿಯಿತ್ತು. ಕಂಬರಾಯ ಅದನ್ನೇ ನೋಡಿದ. ಅವನು ನೋಡುತ್ತಿದ್ದುದನ್ನು ಅಜ್ಜಿ ನೋಡಿದಳು. ಅವಳ ಮುಖ ಕಪ್ಪಿಟ್ಟಿತು.

“ಕೈ ಕಾಣಿಸ್ತಾ ನಿನಗೆ? ಹಾಗಾದ್ರೆ ಕೆರೆದೆ ನೀನು.”

“ಕೆರೆದೆ ಅಜ್ಜಿ. ಉರಿಸಿದೆ. ಇವಳೂ ಇದ್ಲು.”

ಅಜ್ಜಿ ಸ್ಟೂಲಿನ ಮೇಲೆ ಕುಸಿದಳು. ಹೊರಗಿನವರಿಗೆ ಕೇಳಿಸದಂತೆ ಸಣ್ಣ ದನಿಯಲ್ಲಿ ಹೇಳಿದಳು. ಆ ದೀಪದ ಕೆಳಗೆ, ಅವಳು ಹೊಸದಾಗಿ ಮದುವೆಯಾಗಿ ಬಂದ ಕಾಲದಲ್ಲಿ, ಬೀದಿಯ ಒಂದು ಮನೆಗೆ ಬಣ್ಣ ಬಳಿಯಲು ಬಂದಿದ್ದ ಒಬ್ಬ ಕೆಲಸದವನನ್ನು ಸರ ಕದ್ದ ಕಳ್ಳ ಎಂದು ಕಂಬಕ್ಕೆ ಕಟ್ಟಿ ಹೊಡೆದರು. ಸಂಜೆಯ ಹೊತ್ತು. ದೀಪ ಉರಿಯುತ್ತಿತ್ತು. ಇಡೀ ಬೀದಿ ಸುತ್ತ ನಿಂತು ನೋಡಿತು. ಅವನು ಸತ್ತ. ವಿಚಾರಣೆಗೆ ಬಂದವರಿಗೆ ಇಡೀ ಬೀದಿ ಒಂದೇ ಮಾತು ಹೇಳಿತು, ನಾವೇನೂ ನೋಡಿಲ್ಲ.

“ಅವನ ತಾಯಿ ಮಾಟ ಬಲ್ಲವಳು. ತಲೆ ಬೋಳಿಸ್ಕೊಂಡು ಬಂದ್ಲು. ಆ ಕೂದಲನ್ನೇ ದೀಪದೊಳಗೆ ಇಟ್ಲು. ಈ ಬೆಳಕಲ್ಲಿ ನಿಂತೂ ನೋಡಿಲ್ಲ ಅಂದ್ರಲ್ಲ, ಅವತ್ತು ಈ ಬೆಳಕು ಬಿದ್ದವರನ್ನ, ಇನ್ಮೇಲೆ ಬೀಳೋರನ್ನ, ಯಾರೂ ನೋಡದಿರಲಿ ಅಂದ್ಲು. ಮೊದಲು ಹೊರಗಿನವರಿಗೆ ಕಾಣೋದು ನಿಲ್ಲುತ್ತೆ. ಆಮೇಲೆ ಹೆತ್ತವರಿಗೂ ನೆನಪಿರಲ್ಲ. ಬೀದಿಯೋರೆಲ್ಲ ಹಾಗೇ ಹೋದ್ರು. ಎಲ್ಲ ಮುಗಿದ ಮೇಲೆ ಬುದ್ಧಿ ಬಂದು ದೀಪಕ್ಕೆ ಡಾಂಬರು ಬಳಿದ್ರು.”

“ನೀವು?”

“ನಾನು ಅಂಗಡಿಯೊಳಗೇ ಇದ್ದೆ.” ಅವಳು ಬಲಗೈಯನ್ನು ಮಡಿಲಲ್ಲಿ ಮುಚ್ಚಿಕೊಂಡಳು. “ಕೈ ಒಂದು ಹೊರಗೆ ಹಾಕಿದ್ದೆ. ಅಷ್ಟೇ ನನ್ನದು ಹೋಗಿದ್ದು. ಅದಕ್ಕೇ ಅವರೆಲ್ಲ ನನಗೆ ಹೊಗೆ ಹಾಗೆ ಕಾಣ್ತಾರೆ.”

“ಬಿಡಿಸೋ ದಾರಿ ಇಲ್ವಾ?”

ಅಜ್ಜಿ ಹೊರಗಿನ ಜಗಲಿಯ ಕಡೆ ನೋಡಿದಳು. “ಅವಳೇ ಹೇಳಿ ಹೋದ್ಲು. ನೋಡಿದವರು ಅದೇ ಬೆಳಕಲ್ಲಿ ನಿಂತು, ನೋಡ್ದೆ ಅಂತ ಬಾಯಿಬಿಟ್ಟು ಹೇಳ್ಬೇಕು. ಒಬ್ಬರು ಹೇಳಿದ್ರೆ ಒಬ್ಬರನ್ನ ಬಿಡ್ತೀನಿ ಅಂತ. ತನ್ನನ್ನ ತಾನು ಬಿಡಿಸ್ಕೊಳ್ಳೋ ಹಾಗಿಲ್ಲ, ಇನ್ನೊಬ್ಬರನ್ನ ಮಾತ್ರ.”

ಕಂಬರಾಯ ಹೊರಗೆ ಜಿಗಿದ. ಬೀದಿಯ ನಡುವೆ ನಿಂತು ಕೈಮುಗಿದ. “ಯಾರಾದ್ರೂ ಒಬ್ಬರು ಬನ್ನಿ. ಇಬ್ಬರು ಬನ್ನಿ. ಒಬ್ಬೊಬ್ಬರಾಗಿ ಹೇಳಿದ್ರೆ ನೀವೂ ಒಬ್ಬರನ್ನೊಬ್ಬರು ಬಿಡಿಸ್ಕೋಬಹುದಲ್ಲ!”

ಯಾರೂ ಅಲುಗಾಡಲಿಲ್ಲ. ಅವನು ಹೇಳಲಿ ಅಂತ ಇವನು, ಇವಳು ಹೇಳಲಿ ಅಂತ ಅವಳು, ಹೀಗೇ ಅವರ ಆಯುಷ್ಯ ಕಳೆದಿತ್ತು. ಹೇಳುವುದೆಂದರೆ ಹೊಡೆದವರು ಯಾರು ಅಂತಲೂ ಹೇಳಬೇಕು. ಹೊಡೆದವರು ಅಲ್ಲೇ ಪಕ್ಕದಲ್ಲಿ ಕೂತಿದ್ದರು.

ಹೊಲಿಗೆ ಅಂಗಡಿಯ ಜಗಲಿಯ ಮೇಲಿದ್ದ ಒಬ್ಬ ದಪ್ಪ ಮೂಳೆಯ ಮುದುಕ ಉಗುಳಿ, “ನಾವೇನೂ ನೋಡಿಲ್ಲಪ್ಪ” ಎಂದ. ಇಡೀ ಬೀದಿ ಗುಣುಗುಟ್ಟಿತು. ನೋಡಿಲ್ಲ. ನಾವು ನೋಡಿಲ್ಲ.

ಕಂಬರಾಯ ಅಂಗಡಿಗೆ ಮರಳಿದಾಗ ಮಗಳು ಅಜ್ಜಿಯ ಪಕ್ಕದಲ್ಲಿ ಕೂತಿದ್ದಳು. ಅಳು ನಿಂತಿತ್ತು. ಅಜ್ಜಿಯ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, ಬೆರಳಿನ ಹೊಲಿಗೆ ಟೋಪಿಯನ್ನು ತಿರುಗಿಸಿ ನೋಡುತ್ತಿದ್ದಳು. “ಇದು ಯಾಕಜ್ಜಿ? ಸೂಜಿ ಚುಚ್ಚಬಾರದು ಅಂತಾನಾ?”

ಅಜ್ಜಿಯ ಆ ಕೈಯನ್ನು ಅವಳು ಹೊಸ ಮದುವಣಗಿತ್ತಿಯಾಗಿದ್ದಾಗಿನಿಂದ ಯಾರೂ ಹಿಡಿದಿರಲಿಲ್ಲ. ಕೆನ್ನೆಯ ಮೇಲೆ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ, ಮಗು ಕೈ ಬಿಟ್ಟೀತು ಎಂದು.

“ನನ್ನ ಹತ್ರ ಒಂದೇ ಮಾತಿರೋದು” ಎಂದಳು ಕಂಬರಾಯನಿಗೆ. “ಒಬ್ಬರಿಗೇ ಸಾಲೋದು.”

“ಇವಳಿಗೋಸ್ಕರ ಹೇಳಿ ಅಜ್ಜಿ” ಎಂದ ಅವನು. ಯೋಚಿಸಲೇ ಇಲ್ಲ.

ಅವಳು ಎದ್ದು ಹೊರಬಂದಾಗ ಜಗಲಿಯ ಮೇಲಿನ ದಪ್ಪ ಮೂಳೆಯ ಮುದುಕ ತಲೆಯೆತ್ತಿದ. “ಎಲ್ಲಿಗೆ ಹೊರಟೆ?”

ಅಜ್ಜಿ ನಿಂತಳು. “ನಮ್ಮನೆಯವರು” ಎಂದಳು ಕಂಬರಾಯನಿಗೆ, ಗಂಡನ ಕಡೆ ನೋಡದೆ.

“ಬಾಯಿ ಮುಚ್ಕೊಂಡು ಒಳಗೆ ನಡಿ” ಎಂದ ಮುದುಕ.

ಅವಳು ಮುಂದೆ ನಡೆದಳು. ಮಗುವಿನ ಕೈ ಬಿಡಲಿಲ್ಲ.

ಮನೆ ಮುಟ್ಟಿದಾಗ ಬೆಳಕು ಕುಗ್ಗುತ್ತಿತ್ತು. ದಾರಿಯಲ್ಲೇ ಅಜ್ಜಿ ಎಲ್ಲ ತಿಳಿಸಿದ್ದಳು. ಮಗು ಬೆಳಕಿನಿಂದ ಆಚೆಗಿರಬೇಕು, ಮಾತು ಮುಗಿದ ತಕ್ಷಣ ದೀಪ ಆರಬೇಕು, ಮುಂದೆ ಹೇಳುವವರಿಗೂ ಅದೇ ಬೆಳಕು ಬೇಕಾದ್ದರಿಂದ ಗಾಜು ಒಡೆಯಬಾರದು. ಕಂಬರಾಯ ಮಗಳನ್ನು ಮೆಟ್ಟಿಲ ಮೇಲೆ ನಿಲ್ಲಿಸಿದ. “ಇಲ್ಲಿಂದ ಒಂದು ಹೆಜ್ಜೆನೂ ಇಡ್ಬೇಡ ಮರಿ. ಅಪ್ಪ ಇಲ್ಲೇ ಇರ್ತೀನಿ.” ಸ್ವಿಚ್ಚಿನ ಹತ್ತಿರ ಹೋದ. ಒತ್ತಿದ.

ಗುಂಯ್. ಸುಟ್ಟ ಕೂದಲ ವಾಸನೆ. ರೆಕ್ಕೆಗಳು ಬಿಚ್ಚಿಕೊಂಡವು. ಅಜ್ಜಿ ಅವುಗಳ ನಡುವೆ ಕಾಲಿಟ್ಟಳು. ಬೆಳಕು ಅವಳ ತಲೆಯಿಂದ ಪಾದದವರೆಗೆ ಸುರಿಯಿತು.

“ನಾನು ನೋಡ್ದೆ” ಎಂದಳು. ಮತ್ತೆ ಹೇಳಿದಳು. “ನೋಡ್ದೆ. ಅವನು ಕದ್ದಿರ್ಲಿಲ್ಲ. ಸರ ಕೆಳಗೆ ಬಿದ್ದಿತ್ತು, ಆಮೇಲೆ ಸಿಕ್ತು. ಅವನನ್ನ ಕಂಬಕ್ಕೆ ಕಟ್ಟಿದ್ರು.”

ಮನೆಯ ಬಾಗಿಲು ತೆರೆಯಿತು. ಹೆಂಡತಿ ಹೊರಬಂದಳು. “ಈ ದೀಪ ಯಾರು ಹಚ್ಚಿದ್ದು?” ಮಗಳ ಪಕ್ಕದಲ್ಲೇ ಹಾದು ಮೆಟ್ಟಿಲಿಳಿದಳು. ಬೆಳಕಿನ ಕಡೆಗೆ. ಆರಿಸಲು.

“ಬರಬೇಡ!” ಕಂಬರಾಯ ಕಿರುಚಿದ. ಅವಳಿಗೆ ಕೇಳಿಸಲಿಲ್ಲ.

“ಮೊದಲ ಏಟು ಹಾಕಿದ್ದು ನನ್ನ ಗಂಡ.” ಅಜ್ಜಿ ದನಿ ಎತ್ತಿದಳು. ಗಾಜಿನೊಳಗೆ ಏನೋ ಪಟಪಟ ಬಡಿಯತೊಡಗಿತು. ಹೆಂಡತಿ ಇನ್ನೊಂದು ಮೆಟ್ಟಿಲಿಳಿದಳು. “ಅವನು ನೀರು ಕೇಳ್ದ. ಯಾರೂ ಕೊಡಲಿಲ್ಲ. ನನ್ನ ಅಂಗಡಿ ಕಡೆ ತಿರುಗಿದ. ಅಕ್ಕಾ ಅಂದ.” ಇನ್ನೊಂದು ಮೆಟ್ಟಿಲು. ರೆಕ್ಕೆಯ ಅಂಚು ಅವಳ ಚಪ್ಪಲಿಯ ಮುಂದೆ. “ನಾನು ಕೈ ಹೊರಗೆ ಹಾಕಿ ಕದ ಎಳ್ಕೊಂಡೆ. ನೋಡಿ ಎಳ್ಕೊಂಡೆ! ಈ ಮಗುನ ಬಿಡು ತಾಯೀ!”

“ಅಮ್ಮಾ!”

ಹೆಂಡತಿ ಗಕ್ಕನೆ ನಿಂತಳು. ಎತ್ತಿದ ಕಾಲು ಬೆಳಕಿನ ಅಂಚಿನ ಮೇಲೇ ತೂಗಿತು. ಅವಳು ಹಿಂದಕ್ಕೆ ತಿರುಗಿದಳು. ಕಂಬರಾಯ ಸ್ವಿಚ್ ಒತ್ತಿದ. ಕತ್ತಲಾಯಿತು.

“ಮರೀ!” ಹೆಂಡತಿ ಮಗಳನ್ನು ಬಾಚಿ ತಬ್ಬಿಕೊಂಡಳು. “ಎಲ್ಲಿದ್ಯೇ? ಅಯ್ಯೋ, ನನಗೇನಾಗಿತ್ತು! ನಿನ್ನ ಜಡೆ ನೋಡು, ಅರ್ಧಕ್ಕೇ ಬಿಟ್ಟಿದೀನಿ.” ಅವಳು ಮಗುವಿನ ಮುಖ, ಕೈ, ಕಾಲು ಎಲ್ಲ ತಡವಿ ಅತ್ತಳು. ಕಂಬರಾಯನೂ ಅತ್ತ. ಅಷ್ಟು ಸಂತೋಷ ಅವನಿಗೆ ಯಾವ ದೀಪದಿಂದಲೂ ಸಿಕ್ಕಿರಲಿಲ್ಲ.

“ಅಪ್ಪಾ, ಅಮ್ಮನಿಗೆ ಕಾಣಿಸ್ತು!” ಮಗಳು ಅವನ ಕಡೆ ತಿರುಗಿದಳು. ಅವನು ಕೈ ಚಾಚಿದ. ಅವಳ ಕಣ್ಣು ಅವನನ್ನು ದಾಟಿ ಗೇಟಿಗೆ ಹೋಯಿತು. ಗೇಟಿನಿಂದ ಬೀದಿಗೆ. ಮತ್ತೆ ಹಿಂದಕ್ಕೆ. “ಅಪ್ಪಾ? ಇಲ್ಲೇ ಇರ್ತೀನಿ ಅಂದ್ರು.”

“ಇಲ್ಲೇ ಇದೀನಿ ಮರಿ. ನೋಡು, ಇಲ್ಲೇ.” ಮಂಡಿಯೂರಿ ಅವಳ ಮುಖದ ಎದುರಿಗೆ ಮುಖ ತಂದ. ಅವಳ ಉಸಿರು ಅವನ ಕೆನ್ನೆಗೆ ತಾಗುತ್ತಿತ್ತು.

“ಯಾರು ಅಂದ್ರು?” ಹೆಂಡತಿ ಕೇಳಿದಳು.

“ಅಪ್ಪ.”

“ಯಾವ ಅಪ್ಪ ಮರಿ?” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಹಾಸ್ಯವೂ ಇರಲಿಲ್ಲ. ನಿಜವಾಗಿ ಕೇಳುತ್ತಿದ್ದಳು. ಮಗಳು ಬಾಯಿ ತೆರೆದಳು. ಹಣೆ ಗಂಟಿಕ್ಕಿ ಸ್ವಲ್ಪ ಹೊತ್ತು ಏನನ್ನೋ ಹುಡುಕಿದಳು. ಅಮ್ಮ ಅವಳನ್ನು ಎತ್ತಿಕೊಂಡು ಒಳಗೆ ನಡೆದಳು. ಬಾಗಿಲು ಮುಚ್ಚಿತು. ಚಿಲಕ ಬಿತ್ತು.

ಅಜ್ಜಿ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ದಾರಿಯಲ್ಲಿ ಸೈಕಲ್ ಹೊಡೆದುಕೊಂಡು ಹೋದವನು ಅವಳನ್ನೂ ನೋಡಲಿಲ್ಲ. “ನನ್ನ ಮಾತು ಖರ್ಚಾಯ್ತಪ್ಪಾ” ಎಂದಳು. ಕಂಬರಾಯ ಅವಳ ಪಾದ ಮುಟ್ಟಿದ. ಆಮೇಲೆ ದೀಪ ಬಿಚ್ಚಿ, ಅಂಗಿಯಲ್ಲಿ ಸುತ್ತಿ, ಕೂಸಿನಂತೆ ಅವಚಿಕೊಂಡು ಆ ಬೀದಿಗೆ ಓಡಿದ. ಒಬ್ಬರು ಸಾಕಿತ್ತು. ಅಷ್ಟು ಜನರಲ್ಲಿ ಒಬ್ಬರು.

“ಅಜ್ಜಿ ಹೇಳಿದ್ರು! ಮಗು ಬಿಡುಗಡೆಯಾಯ್ತು! ನಿಜವಾಗಿ ಆಗುತ್ತೆ, ನಾನೇ ಕಣ್ಣಾರೆ ಕಂಡೆ!” ಅವನು ಜಗಲಿಯಿಂದ ಜಗಲಿಗೆ ಹೋದ. ದೀಪ ತೋರಿಸಿದ. ಗಡ್ಡ ಹಿಡಿದು ಬೇಡಿದ. “ನನಗೊಬ್ಬಳು ಮಗಳಿದಾಳೆ. ಮರೀತಿದಾಳೆ. ಈಗಲೇ ಬನ್ನಿ. ಒಂದು ಮಾತು. ಒಂದೇ ಮಾತು!”

ತಲೆಗಳು ಬೇರೆ ಕಡೆಗೆ ತಿರುಗಿದವು. ಯಾರೋ ಕೆಮ್ಮಿದರು. ಕೊನೆಗೆ ಅವನು ಹೊಲಿಗೆ ಅಂಗಡಿಯ ಜಗಲಿಯ ಮುಂದೆ, ಅಜ್ಜಿಯ ಗಂಡನ ಕಾಲ ಬಳಿ ಕುಸಿದು ಬಿದ್ದ. ಮುದುಕ ಅವನನ್ನೇ ಬಹಳ ಹೊತ್ತು ನೋಡಿದ. ಕಣ್ಣಿನಲ್ಲಿ ಕನಿಕರದಂಥದೇನೋ ಇತ್ತು.

“ನೋಡಿದ್ರೆ ತಾನೆ ಹೇಳೋದು?” ಎಂದ. ಆಮೇಲೆ ಪಕ್ಕದ ಕಲ್ಲನ್ನು ಅಂಗೈಯಿಂದ ಒರೆಸಿ, ಸ್ವಲ್ಪ ಸರಿದು, ಅವನಿಗೆ ಕೂರಲು ಜಾಗ ಮಾಡಿಕೊಟ್ಟ.